ಸ್ಕ್ರಿಪ್ಟ್ ಮತ್ತು ಗ್ರಾಫಿಕ್ಸ್ ಎಂಜಿನ್ ನಡುವೆ ಇವೆಂಟ್ ಹ್ಯಾಂಡ್ಲಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣದೊಂದು ಗ್ರಾಫಿಕ್ಸ್ ಎಂಜಿನ್ (ಪರದೆಯ ಮೇಲೆ ಚಿತ್ರ ಬಿಡಿಸಿ ಗೇಮ್ ಓಡಿಸುವ ಪ್ರೋಗ್ರಾಂ) ಬರೆದು ಅದಕ್ಕೆ ಲುವಾ, ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್‌ನಂಥ ಸ್ಕ್ರಿಪ್ಟ್ ಭಾಷೆ ಜೋಡಿಸುವವರು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಎಡವುತ್ತಾರೆ: ಕೀ ಒತ್ತಿದ್ದು, ಡಿಕ್ಕಿಯಾದದ್ದು ಮುಂತಾದ ಇವೆಂಟ್‌ಗಳನ್ನು ಸ್ಕ್ರಿಪ್ಟ್‌ಗೆ ತಿಳಿಸುವ ಕಡೆ. ನಾನೂ ಅಲ್ಲೇ ಎಡವಿದ್ದೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉದಾಹರಣೆಗಳು ಜಾಸ್ತಿ ಲುವಾದವು. ಬೇರೆ ಪ್ರೋಗ್ರಾಂ ಒಳಗೆ ಕೂರುವುದಕ್ಕೆಂದೇ 1993ರಲ್ಲಿ ಬ್ರೆಜಿಲ್‌ನಲ್ಲಿ ಕಟ್ಟಿದ ಭಾಷೆ ಅದು. ನೀವು ಬೇರೆ ಭಾಷೆ ಬಳಸಿದರೂ ತೊಂದರೆಗಳು ಇವೇ.

## ಶುರುವಿನ ಪ್ರಶ್ನೆಗಳು

ಒಂದು ಕಾಲ್‌ಬ್ಯಾಕ್ ಕೊಟ್ಟರೆ ಆಯ್ತಲ್ವಾ? ಇದರಲ್ಲಿ ಡಿಸೈನ್ ಮಾಡೋಕೆ ಏನಿದೆ?

ಕಾಲ್‌ಬ್ಯಾಕ್ ಅಂದರೆ ಏನಾದರೂ ನಡೆದಾಗ ಎಂಜಿನ್ ಕರೆಯಲಿ ಅಂತ ಸ್ಕ್ರಿಪ್ಟ್ ಕೊಟ್ಟಿಡುವ ಫಂಕ್ಷನ್. ಒಂದೇ ಬಟನ್ ಇರುವ ಡೆಮೊಗೆ ಅಷ್ಟು ಸಾಕು. ಆದರೆ ಎರಡು ಕಡೆಯ ಸ್ವಭಾವ ಬೇರೆ ಬೇರೆ. ಎಂಜಿನ್ ತನ್ನ ಮೆಮೊರಿಯನ್ನು ತಾನೇ ನೋಡಿಕೊಳ್ಳುತ್ತದೆ, ಸೆಕೆಂಡಿಗೆ 60 ಫ್ರೇಮ್ (ಪರದೆಯ ಒಂದೊಂದು ಚಿತ್ರ) ಬೇಕು ಅಂದರೆ ಒಂದು ಫ್ರೇಮ್‌ಗೆ ಅದರ ಕೈಯಲ್ಲಿರುವುದು 16.67 ಮಿಲಿಸೆಕೆಂಡ್, 144 ಬೇಕು ಅಂದರೆ 7ಕ್ಕಿಂತಲೂ ಕಡಿಮೆ. ಸ್ಕ್ರಿಪ್ಟ್ ಕಡೆ ಬಳಸದ ಮೆಮೊರಿಯನ್ನು ತಾನೇ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಇದೆ, ಯಾವ ಸಾಲಿನಲ್ಲಿ ಬೇಕಾದರೂ ಎರರ್ ಬರಬಹುದು, ಅದನ್ನು ಬರೆಯುವವರು ಎಂಜಿನ್ ಒಳಗೆ ಏನಿದೆ ಅಂತ ನೋಡಿರುವುದಿಲ್ಲ, ನೋಡಬೇಕಾಗಿಯೂ ಇಲ್ಲ.

ಹಾಗಾಗಿ ಮೂರು ವಿಷಯ ನಾವೇ ತೀರ್ಮಾನ ಮಾಡಬೇಕು. ಸ್ಕ್ರಿಪ್ಟನ್ನು ಯಾವಾಗ ಕರೆಯುವುದು, ಅದರ ಕೈಗೆ ಏನು ಕೊಡುವುದು, ಅಲ್ಲಿ ತಪ್ಪಾದರೆ ಯಾರು ಹಿಡಿಯುವುದು. ನನ್ನ ಮಟ್ಟಿಗೆ ಇವೆಂಟ್ ಅಂದರೆ ಒಂದು ಚೀಟಿ. ಎಂಜಿನ್ ಚೀಟಿ ಬರೆದು ಡಬ್ಬಿಗೆ ಹಾಕಿ ತನ್ನ ಕೆಲಸ ಮುಂದುವರಿಸಬೇಕು, ಸ್ಕ್ರಿಪ್ಟ್ ತನ್ನ ಸರದಿ ಬಂದಾಗ ತೆಗೆದು ಓದಬೇಕು. ಕೆಳಗಿನ ಮುಕ್ಕಾಲು ಪಾಲು ಉತ್ತರಗಳು ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಪ್ರತಿ ಫ್ರೇಮ್ ಸ್ಕ್ರಿಪ್ಟೇ "ಈ ಕೀ ಒತ್ತಿದೆಯಾ" ಅಂತ ಕೇಳಿದರೆ ಸಾಕಲ್ವಾ? ಇವೆಂಟ್ ಯಾಕೆ ಬೇಕು?

ಎರಡೂ ಬೇಕು. ಪಾತ್ರ ಓಡುತ್ತಿರಬೇಕು, ಕ್ಯಾಮೆರಾ ತಿರುಗುತ್ತಿರಬೇಕು ಅನ್ನುವಂಥ ಹಿಡಿದಿಟ್ಟ ಕೀಗಳಿಗೆ ಕೇಳುವುದೇ ಸರಿ. ಒಮ್ಮೆ ಆಗಿ ಮುಗಿಯುವ ಸಂಗತಿಗಳಿಗೆ ಇವೆಂಟ್ ಬೇಕು. ಫ್ರೇಮ್ ನಿಧಾನವಾದಾಗ ಬಳಕೆದಾರರು ಕೀ ಒತ್ತಿ ಬಿಟ್ಟಿದ್ದು ಎರಡೂ ಒಂದೇ ಫ್ರೇಮ್ ಒಳಗೆ ನಡೆದುಹೋದರೆ, ನೀವು ಕೇಳುವ ಹೊತ್ತಿಗೆ ಕೀ ಮೇಲೆದ್ದಿರುತ್ತದೆ. ಒತ್ತಿದ್ದೇ ಗೊತ್ತಾಗುವುದಿಲ್ಲ. ಕ್ಯೂನಲ್ಲಾದರೆ, ಅಂದರೆ ಆ ಚೀಟಿ ಡಬ್ಬಿಯಲ್ಲಾದರೆ, ಎರಡು ಚೀಟಿಗಳು ಒಂದರ ಹಿಂದೆ ಒಂದು ಕೂತಿರುತ್ತವೆ.

ಫ್ರೇಮ್‌ನ ಯಾವ ಹಂತದಲ್ಲಿ ಸ್ಕ್ರಿಪ್ಟ್ ಕರೆಯಬೇಕು? ನಾನು ಎಲ್ಲಿ ಇವೆಂಟ್ ಹುಟ್ಟುತ್ತದೋ ಅಲ್ಲೇ ಕರೆಯುತ್ತಿದ್ದೇನೆ

ಅದನ್ನು ಮೊದಲು ನಿಲ್ಲಿಸಿ. ಇದೊಂದನ್ನು ಸರಿ ಮಾಡಿಕೊಂಡರೆ ಅರ್ಧ ತಲೆನೋವು ಹೋಗುತ್ತದೆ.

ನನ್ನ ಮೊದಲ ಎಂಜಿನ್‌ನಲ್ಲಿ ಎರಡು ವಸ್ತು ಡಿಕ್ಕಿಯಾದ ಕ್ಷಣವೇ ಲುವಾ ಫಂಕ್ಷನ್ ಕರೆಯುತ್ತಿದ್ದೆ. ಗುಂಡು ಗೋಡೆಗೆ ತಾಗಿದಾಗ ಸ್ಕ್ರಿಪ್ಟ್ ಗುಂಡನ್ನು ಅಳಿಸುತ್ತಿತ್ತು. ಸ್ಕ್ರಿಪ್ಟ್ ಬರೆದವರ ತಪ್ಪೇನೂ ಇಲ್ಲ, ಗುಂಡು ತಾಗಿದರೆ ಅಳಿಸಲೇಬೇಕು. ಆದರೆ ಆಗ ವಸ್ತುಗಳ ಚಲನೆ, ಡಿಕ್ಕಿ ಲೆಕ್ಕ ಹಾಕುವ ಫಿಸಿಕ್ಸ್ ಲೂಪ್ ಅದೇ ಪಟ್ಟಿಯ ಮಧ್ಯದಲ್ಲಿ ನಿಂತಿತ್ತು. ಕ್ರ್ಯಾಶ್ ಆಗಿದ್ದು ಅಲ್ಲೂ ಅಲ್ಲ, ಎಷ್ಟೋ ಫ್ರೇಮ್ ಆದ ಮೇಲೆ, ನೆರಳು ಬಿಡಿಸುವ ಕೋಡ್‌ನಲ್ಲಿ. ಮೂರು ದಿನ ನೆರಳಿನ ಕೋಡನ್ನೇ ಹುಡುಕಿದೆ.

ಬಾಕ್ಸ್2ಡಿ ಫಿಸಿಕ್ಸ್ ಲೈಬ್ರರಿ ಇದೇ ಕಾರಣಕ್ಕೆ ಕಾಂಟ್ಯಾಕ್ಟ್ ಕಾಲ್‌ಬ್ಯಾಕ್ ನಡೆಯುವಾಗ ಇಡೀ ವರ್ಲ್ಡ್‌ಗೆ ಬೀಗ ಹಾಕುತ್ತಿತ್ತು, ಒಳಗಿಂದ ಏನನ್ನೂ ಸೃಷ್ಟಿಸುವ ಹಾಗಿಲ್ಲ, ಅಳಿಸುವ ಹಾಗಿಲ್ಲ. 2024ರ 3.0 ಆವೃತ್ತಿಯಲ್ಲಿ ಡಿಕ್ಕಿಗಳ ಪಟ್ಟಿಯನ್ನು ಫಿಸಿಕ್ಸ್ ಲೆಕ್ಕದ ಒಂದು ಹೆಜ್ಜೆ ಮುಗಿದ ಮೇಲೆ ಒಟ್ಟಿಗೆ ಕೈಗೆ ಕೊಡುವ ದಾರಿ ಬಂತು. ಅದೇ ಚೀಟಿಯ ದಾರಿ.

ಕ್ರಮ ಹೀಗಿರಲಿ. ಮೊದಲು ಆಪರೇಟಿಂಗ್ ಸಿಸ್ಟಂ ಕೊಟ್ಟ ಇನ್‌ಪುಟ್ ಎಲ್ಲವನ್ನೂ ಕ್ಯೂಗೆ ತುಂಬಿ. ಆಮೇಲೆ ಕ್ಯೂ ಖಾಲಿ ಮಾಡುತ್ತಾ ಸ್ಕ್ರಿಪ್ಟ್ ಕರೆಯಿರಿ. ನಂತರ ಫಿಸಿಕ್ಸ್. ಅದು ಹುಟ್ಟಿಸಿದ ಇವೆಂಟ್‌ಗಳಿಗಾಗಿ ಇನ್ನೊಮ್ಮೆ ಕ್ಯೂ ಖಾಲಿ ಮಾಡಿ. ಕೊನೆಗೆ ಡ್ರಾಯಿಂಗ್. ಡ್ರಾಯಿಂಗ್ ನಡೆಯುವಾಗ ಸ್ಕ್ರಿಪ್ಟ್‌ಗೆ ಬಾಗಿಲು ಮುಚ್ಚಿರಬೇಕು. "ಕ್ಯೂ ಹಾಕಿದರೆ ಒಂದು ಫ್ರೇಮ್ ತಡ ಆಗಲ್ವಾ" ಅಂತ ಕೇಳುತ್ತಾರೆ. ಆಗುವುದಿಲ್ಲ, ತುಂಬಿದ ಫ್ರೇಮ್‌ನಲ್ಲೇ ಖಾಲಿ ಮಾಡುತ್ತಿದ್ದೀರಲ್ಲ.

ಇವೆಂಟ್ ಹೆಸರು ಸ್ಟ್ರಿಂಗ್ ಇರಲಾ, ನಂಬರ್ ಇರಲಾ?

ಬರೆಯುವವರಿಗೆ ಸ್ಟ್ರಿಂಗ್, ಒಳಗೆ ನಂಬರ್. ಲಿಸನರ್ (ಒಂದು ಇವೆಂಟ್‌ಗಾಗಿ ಕಾಯುವ ಸ್ಕ್ರಿಪ್ಟ್ ಫಂಕ್ಷನ್, ಹ್ಯಾಂಡ್ಲರ್ ಅಂದರೂ ಅದೇ) ಸೇರಿಸುವಾಗ ಒಮ್ಮೆ ಹೆಸರನ್ನು ನಂಬರ್‌ಗೆ ಬದಲಾಯಿಸಿಕೊಳ್ಳಿ. ಗೊತ್ತಿಲ್ಲದ ಹೆಸರು ಬಂದರೆ ಅಲ್ಲೇ ಎರರ್ ಕೊಡಿ. ಸುಮ್ನೆ ಒಪ್ಪಿಕೊಂಡರೆ, ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ ಹ್ಯಾಂಡ್ಲರ್ ಎಂದೂ ಓಡದೆ ಕೂತಿರುತ್ತದೆ.

## ಕೆಲಸ ಶುರುವಾದ ಮೇಲೆ

ಲುವಾ ಫಂಕ್ಷನ್ನನ್ನು ಸಿ ಭಾಷೆಯ ಎಂಜಿನ್ ಕಡೆ ಹೇಗೆ ಇಟ್ಟುಕೊಳ್ಳೋದು? ಪಾಯಿಂಟರ್ ಸಿಗ್ತಾ ಇಲ್ಲ

ಪಾಯಿಂಟರ್, ಅಂದರೆ ಮೆಮೊರಿಯ ನೇರ ವಿಳಾಸ, ಸಿಗಬಾರದು, ಅದು ಒಳ್ಳೆಯದಕ್ಕೇ. ಲುವಾದ ರಿಜಿಸ್ಟ್ರಿ ಟೇಬಲ್‌ನಲ್ಲಿ (ಸಿ ಕೋಡ್ ಲುವಾದ ವಸ್ತುಗಳನ್ನು ಇಡುವ ಪಟ್ಟಿ) ಫಂಕ್ಷನ್ ಇಟ್ಟು ಬದಲಿಗೆ ಒಂದು ಪೂರ್ಣಾಂಕ ತೆಗೆದುಕೊಳ್ಳಿ. ಸಹಾಯಕ ಲೈಬ್ರರಿಯಲ್ಲಿರುವ "ರೆಫ್" ಫಂಕ್ಷನ್ ಮಾಡುವುದು ಇಷ್ಟೇ. ಆ ಅಂಕಿಯನ್ನು "ಅನ್‌ರೆಫ್" ಫಂಕ್ಷನ್‌ಗೆ ಕೊಟ್ಟು ಬಿಡಿಸುವವರೆಗೆ ಗಾರ್ಬೇಜ್ ಕಲೆಕ್ಟರ್ ಫಂಕ್ಷನ್ನನ್ನು ಮುಟ್ಟುವುದಿಲ್ಲ.

ಮೆಮೊರಿ ಲೀಕ್ ಆಗುವುದೂ ಇಲ್ಲಿಂದಲೇ. ಲಿಸನರ್ ತೆಗೆಯುವಾಗ "ಅನ್‌ರೆಫ್" ಮರೆತರೆ ಆ ಫಂಕ್ಷನ್, ಅದು ಹಿಡಿದಿರುವ ವೇರಿಯೆಬಲ್‌ಗಳು, ಅವು ತೋರಿಸುವ ಇಡೀ ಹಂತದ ಡೇಟಾ, ಎಲ್ಲ ಉಳಿದುಬಿಡುತ್ತದೆ. ಪ್ರತಿ ಲಿಸನರ್‌ಗೂ ಒಬ್ಬ ಯಜಮಾನ ಇರಲಿ, ಅಂದರೆ ಒಂದು ಆಬ್ಜೆಕ್ಟ್ ಅಥವಾ ಒಂದು ಸೀನ್. ಯಜಮಾನ ಹೋದಾಗ ಅವನ ಲಿಸನರ್‌ಗಳೆಲ್ಲ ತಾವಾಗೇ ಹೋಗಬೇಕು. ಸ್ಕ್ರಿಪ್ಟ್ ಬರೆಯುವವರು ನೆನಪಿಟ್ಟು ತೆಗೆಯುತ್ತಾರೆ ಅಂತ ನಂಬಿಕೊಂಡು ಕೂರಬೇಡಿ.

ಆಬ್ಜೆಕ್ಟ್ ಅಳಿಸಿ ಆಗಿದೆ, ಆದರೆ ಸ್ಕ್ರಿಪ್ಟ್ ಇನ್ನೂ ಅದನ್ನು ಹಿಡ್ಕೊಂಡಿದೆ. ಮುಟ್ಟಿದ ಕೂಡಲೇ ಕ್ರ್ಯಾಶ್. ಏನು ಮಾಡಲಿ?

ಸ್ಕ್ರಿಪ್ಟ್ ಕೈಗೆ ಪಾಯಿಂಟರ್ ಕೊಟ್ಟಿದ್ದೀರಿ, ಹಾಗಾಗಿ ಹೀಗಾಗಿದೆ. ಗಡಿ ದಾಟಿ ಹೋಗುವ ಯಾವ ಚೀಟಿಯಲ್ಲೂ ಪಾಯಿಂಟರ್ ಇರಬಾರದು. ಬದಲಿಗೆ ಹ್ಯಾಂಡಲ್ ಕೊಡಿ.

ಹ್ಯಾಂಡಲ್ ಅಂದರೆ ಒಂದು 32 ಬಿಟ್ ಅಂಕಿ. ಅದರಲ್ಲಿ 20 ಬಿಟ್ ಜಾಗದ ಸಂಖ್ಯೆ, ಉಳಿದ 12 ಬಿಟ್ ತಲೆಮಾರಿನ ಸಂಖ್ಯೆ. ಎಂಜಿನ್ ಹತ್ತಿರ ಜಾಗಗಳ ಒಂದು ಪಟ್ಟಿ ಇದೆ, 20 ಬಿಟ್ ಅಂದರೆ 10,48,576 ಜಾಗ, ಬೇಕಾದಷ್ಟಾಯಿತು. ಒಂದು ಜಾಗದಲ್ಲಿದ್ದ ಆಬ್ಜೆಕ್ಟ್ ಅಳಿಸಿದಾಗ ಆ ಜಾಗದ ತಲೆಮಾರನ್ನು ಒಂದು ಹೆಚ್ಚಿಸುತ್ತೀರಿ. ಸ್ಕ್ರಿಪ್ಟ್ ಹಳೆಯ ಹ್ಯಾಂಡಲ್ ತಂದರೆ ತಲೆಮಾರು ಹೊಂದುವುದಿಲ್ಲ, ಆಗ "ಇದು ಈಗ ಇಲ್ಲ" ಅಂತ ಹೇಳುತ್ತೀರಿ. ಅದೇ ಜಾಗಕ್ಕೆ ಹೊಸ ಆಬ್ಜೆಕ್ಟ್ ಬಂದು ಕೂತಿದ್ದರೂ ಅದು ಹಳೆಯದು ಅಂತ ಮೋಸ ಹೋಗುವುದಿಲ್ಲ. 12 ಬಿಟ್ ತಲೆಮಾರು 4096 ಸಲಕ್ಕೆ ಸುತ್ತಿ ಬರುತ್ತದೆ, ಹಾಗಾಗಿ ಖಾಲಿಯಾದ ಜಾಗವನ್ನು ತಕ್ಷಣ ಮರುಬಳಕೆ ಮಾಡದೆ ಸರದಿಯಲ್ಲಿ ಹಾಕಿದರೆ ಇನ್ನೂ ಕ್ಷೇಮ.

ಜೊತೆಗೆ, ಅಳಿಸುವ ಕೆಲಸವನ್ನೂ ಮುಂದೂಡಿ. ಗೋಡೋ ಗೇಮ್ ಎಂಜಿನ್‌ನಲ್ಲಿ "ಕ್ಯೂ ಫ್ರೀ" ಅನ್ನುವುದು ಆಬ್ಜೆಕ್ಟನ್ನು ಆ ಕ್ಷಣ ಅಳಿಸದೆ ಫ್ರೇಮ್ ಕೊನೆಗೆ ಅಳಿಸುತ್ತದೆ. ಅದೇ ಫ್ರೇಮ್‌ನಲ್ಲಿ ಆ ಆಬ್ಜೆಕ್ಟ್ ಹೆಸರಿನಲ್ಲಿ ಇನ್ನೂ ಮೂರು ಚೀಟಿ ಬಾಕಿ ಇದ್ದರೂ ಆಗ ತೊಂದರೆ ಇಲ್ಲ.

ಹ್ಯಾಂಡ್ಲರ್ ಒಳಗೇ ಆ ಹ್ಯಾಂಡ್ಲರ್ ತೆಗೆದುಹಾಕಿದರೆ ಮುಂದಿನ ಲಿಸನರ್ ಓಡುತ್ತಿಲ್ಲ. ಯಾಕೆ?

ಪಟ್ಟಿಯಲ್ಲಿ ನಡೆಯುತ್ತಿರುವಾಗಲೇ ಒಂದನ್ನು ತೆಗೆದಿರಿ. ಹಿಂದಿದ್ದವು ಒಂದು ಹೆಜ್ಜೆ ಮುಂದೆ ಸರಿದವು, ನಿಮ್ಮ ಎಣಿಕೆ ಒಂದನ್ನು ದಾಟಿಹೋಯಿತು. ತೆಗೆಯುವ ಬದಲು "ಸತ್ತಿದೆ" ಅಂತ ಗುರುತು ಹಾಕಿ, ಪಟ್ಟಿ ಪೂರ್ತಿ ನಡೆದ ಮೇಲೆ ಗುಡಿಸಿ. ಓಡುತ್ತಿರುವಾಗ ಹೊಸದಾಗಿ ಸೇರಿದವುಗಳನ್ನು ಈ ಸುತ್ತಿನಲ್ಲಿ ಕರೆಯಬೇಡಿ. ಶುರುವಿನಲ್ಲಿ ಪಟ್ಟಿಯ ಉದ್ದ ಬರೆದಿಟ್ಟುಕೊಂಡು ಅಷ್ಟರವರೆಗೆ ಮಾತ್ರ ನಡೆದರೆ ಸಾಕು.

ಸ್ಕ್ರಿಪ್ಟ್‌ನಲ್ಲಿ ಒಂದು ಸಣ್ಣ ತಪ್ಪಿಗೆ ಇಡೀ ಎಂಜಿನ್ ಮುಚ್ಚಿಕೊಳ್ತಿದೆ

ಲುವಾದಲ್ಲಿ ರಕ್ಷಣೆ ಇಲ್ಲದೆ ಕರೆದರೆ ಎರರ್ ಬಂದಾಗ ಪ್ಯಾನಿಕ್ ಫಂಕ್ಷನ್ ಓಡಿ ಪ್ರೋಗ್ರಾಂ ಅಬಾರ್ಟ್ ಆಗುತ್ತದೆ. ಪ್ರತಿ ಹ್ಯಾಂಡ್ಲರನ್ನೂ ಪಿ-ಕಾಲ್ (ಎರರನ್ನು ಹಿಡಿದು ವಾಪಸ್ ಕೊಡುವ ಕರೆ) ಮೂಲಕವೇ ಕರೆಯಿರಿ. ಸ್ಟ್ಯಾಕ್ ಟ್ರೇಸ್ ತೆಗೆಯುವ ಫಂಕ್ಷನ್ನನ್ನು ಅದಕ್ಕೆ ಕೊಡಿ, ಇಲ್ಲದಿದ್ದರೆ ಎರರ್ ಸಿಕ್ಕರೂ ಅಲ್ಲಿಗೆ ಯಾವ ದಾರಿಯಲ್ಲಿ ಬಂತು ಅನ್ನುವುದು ಸಿಗುವುದಿಲ್ಲ. ಒಂದು ಹ್ಯಾಂಡ್ಲರ್ ಬಿದ್ದರೆ ಉಳಿದವು ಓಡಬೇಕು. ಪ್ರತಿ ಫ್ರೇಮ್ ಬೀಳುವ ಹ್ಯಾಂಡ್ಲರನ್ನು ಮೂರು ಸಲ ನೋಡಿ ಅಲ್ಲಿಗೆ ನಿಲ್ಲಿಸಿ, ಇಲ್ಲವಾದರೆ ಸೆಕೆಂಡಿಗೆ 60 ಎರರ್ ಬರೆದು ಲಾಗ್ ತುಂಬಿಹೋಗುತ್ತದೆ.

ಸಿ ಪ್ಲಸ್ ಪ್ಲಸ್‌ನವರು ಇದನ್ನು ಗಮನಿಸಿ. ಲುವಾವನ್ನು ಸಿ ಆಗಿ ಕಂಪೈಲ್ ಮಾಡಿದ್ದರೆ ಅದರ ಎರರ್ ಲಾಂಗ್‌ಜಂಪ್ ಮೂಲಕ ಮಧ್ಯದ ಫಂಕ್ಷನ್‌ಗಳನ್ನು ದಾಟಿ ಹಾರುತ್ತದೆ, ಅಲ್ಲಿರುವ ನಿಮ್ಮ ಡಿಸ್ಟ್ರಕ್ಟರ್‌ಗಳು (ಆಬ್ಜೆಕ್ಟ್ ಹೋಗುವಾಗ ಶುಚಿ ಮಾಡುವ ಕೋಡ್) ಓಡುತ್ತವೆ ಅನ್ನುವ ಭರವಸೆ ಇಲ್ಲ. ಸ್ಕ್ರಿಪ್ಟ್‌ನಿಂದ ಕರೆಸಿಕೊಳ್ಳುವ ನಿಮ್ಮ ಫಂಕ್ಷನ್‌ಗಳ ಒಳಗೆ, ಎರರ್ ಬರಬಹುದಾದ ಲುವಾ ಕರೆಗಳ ಹೊತ್ತಿಗೆ, ಸ್ಟ್ರಿಂಗ್ ಅಥವಾ ಲಾಕ್‌ನಂಥ ಆಬ್ಜೆಕ್ಟ್ ಬದುಕಿರದ ಹಾಗೆ ಬರೆಯಿರಿ.

ಮೌಸ್ ಅಲ್ಲಾಡಿಸಿದರೆ ಮಾತ್ರ ಗೇಮ್ ನಿಧಾನ ಆಗುತ್ತೆ. ವಿಚಿತ್ರ ಅಲ್ವಾ?

ವಿಚಿತ್ರ ಏನಿಲ್ಲ. ಸೆಕೆಂಡಿಗೆ 1000 ಸಲ ವರದಿ ಮಾಡುವ ಮೌಸ್‌ಗಳಿವೆ. 60 ಫ್ರೇಮ್‌ನಲ್ಲಿ ಲೆಕ್ಕ ಹಾಕಿದರೆ ಒಂದು ಫ್ರೇಮ್‌ಗೆ 16, 17 ಚೀಟಿ. ಸ್ಕ್ರಿಪ್ಟ್‌ಗೆ ಅಷ್ಟೂ ಬೇಕಾಗಿಲ್ಲ. ಒಂದರ ಹಿಂದೊಂದು ಬಂದ ಮೌಸ್ ಚಲನೆಗಳನ್ನು ಒಂದಾಗಿ ಸೇರಿಸಿ: ಜಾಗಕ್ಕೆ ಕೊನೆಯದನ್ನು ಇಟ್ಟುಕೊಳ್ಳಿ, ಸರಿದ ದೂರಗಳನ್ನು ಕೂಡಿಸಿ. ಆದರೆ ಮಧ್ಯದಲ್ಲಿ ಕ್ಲಿಕ್ ಬಂದಿದ್ದರೆ ಅದನ್ನು ದಾಟಿ ಸೇರಿಸಬೇಡಿ, ಕ್ಲಿಕ್ ತಪ್ಪು ಜಾಗದಲ್ಲಿ ಬಿದ್ದ ಹಾಗಾಗುತ್ತದೆ. ಚಿತ್ರ ಬಿಡಿಸುವ ಆ್ಯಪ್ ಆದರೆ ಗೆರೆ ನಯವಾಗಿರಲು ಎಲ್ಲ ಬಿಂದುಗಳೂ ಬೇಕು, ಅಲ್ಲಿ ಒಂದೇ ಕರೆಯಲ್ಲಿ ಇಡೀ ಪಟ್ಟಿ ಕೊಡಿ.

ಮೆನು ಮೇಲೆ ಕ್ಲಿಕ್ ಮಾಡಿದರೆ ಹಿಂದಿರುವ ಸೈನಿಕನೂ ಓಡ್ತಾನೆ!

ಚೀಟಿ ಯಾರಿಗೆ ಸೇರಿತು ಅನ್ನುವುದನ್ನು ಯಾರೂ ಹೇಳಿಲ್ಲ. ಮುಂದಿನ ಪದರದಿಂದ ಹಿಂದಕ್ಕೆ ಕೇಳುತ್ತಾ ಹೋಗಿ. ಹ್ಯಾಂಡ್ಲರ್ "ನಾನು ತೆಗೆದುಕೊಂಡೆ" ಅಂತ ವಾಪಸ್ ಹೇಳಿದರೆ ಅಲ್ಲಿಗೆ ನಿಲ್ಲಿಸಿ. ಗೋಡೋದಲ್ಲಿ ಇನ್‌ಪುಟ್ ಬೇರೆ, ಯಾರೂ ಮುಟ್ಟದೆ ಉಳಿದ ಇನ್‌ಪುಟ್ ಬೇರೆ ಅಂತ ಎರಡು ಫಂಕ್ಷನ್ ಇಟ್ಟಿರುವುದು ಇದಕ್ಕೇ. ಬ್ರೌಸರ್‌ನಲ್ಲಿರುವ ಹಾಗೆ ಮೇಲಿಂದ ಕೆಳಗೆ ಒಂದು ಸುತ್ತು, ಕೆಳಗಿಂದ ಮೇಲೆ ಇನ್ನೊಂದು ಸುತ್ತು ಮಾಡುವುದು ಸಣ್ಣ ಎಂಜಿನ್‌ಗೆ ಜಾಸ್ತಿಯಾಯಿತು. ಒಂದು ಎಚ್ಚರಿಕೆ: ಮೌಸ್ ಒತ್ತಿದ್ದನ್ನು ಯಾರು ತೆಗೆದುಕೊಂಡರೋ, ಬಿಟ್ಟಿದ್ದನ್ನೂ ಅವರಿಗೇ ಕಳಿಸಿ. ಆ ಹೊತ್ತಿಗೆ ಮೌಸ್ ಬೇರೆ ಕಡೆ ಹೋಗಿದ್ದರೂ ಸರಿ.

ಕನ್ನಡ ಟೈಪ್ ಮಾಡಿದರೆ ನನ್ನ ಟೆಕ್ಸ್ಟ್ ಬಾಕ್ಸ್‌ನಲ್ಲಿ ಏನೇನೋ ಬರುತ್ತೆ

ಕೀ ಇವೆಂಟ್‌ನಿಂದ ಅಕ್ಷರ ಮಾಡಲು ಹೊರಟಿದ್ದೀರಿ. ಕೀ ಅಂದರೆ ಕೀಬೋರ್ಡ್‌ನ ಒಂದು ಗುಂಡಿ, ಅಕ್ಷರ ಬೇರೆ. ವಿಂಡೋ, ಇನ್‌ಪುಟ್ ನೋಡಿಕೊಳ್ಳುವ ಎಸ್‌ಡಿಎಲ್‌ನಂಥ ಲೈಬ್ರರಿಗಳಲ್ಲಿ ಟೆಕ್ಸ್ಟ್ ಇನ್‌ಪುಟ್‌ಗೆ ಬೇರೆಯದೇ ಇವೆಂಟ್ ಇದೆ, ಇನ್ನೂ ಪೂರ್ತಿಯಾಗದ ಟೈಪಿಂಗ್‌ಗೆ ಮತ್ತೊಂದಿದೆ. ಅವನ್ನೇ ಸ್ಕ್ರಿಪ್ಟ್‌ಗೆ ದಾಟಿಸಿ. ಚೀಟಿಯಲ್ಲಿ ಅಕ್ಷರಕ್ಕೆ 4 ಬೈಟ್ ಜಾಗ ಬಿಟ್ಟು ಕೂರಬೇಡಿ. "ಸ್ತ್ರೀ" ನಮಗೆ ಒಂದಕ್ಷರ, ಯುನಿಕೋಡ್‌ನಲ್ಲಿ 6 ಕೋಡ್ ಪಾಯಿಂಟ್, ಯುಟಿಎಫ್-8ರಲ್ಲಿ 18 ಬೈಟ್.

## ಇನ್ನೂ ಆಳಕ್ಕೆ ಹೋದಾಗ

ಹ್ಯಾಂಡ್ಲರ್ ಒಳಗಿಂದ ಇನ್ನೊಂದು ಇವೆಂಟ್ ಕಳಿಸಿದೆ, ಅದು ಮತ್ತೆ ಮೊದಲನೆಯದನ್ನು ಕಳಿಸಿತು, ಹ್ಯಾಂಗ್ ಆಯ್ತು

ಎರಡು ಡಬ್ಬಿ ಇಟ್ಟುಕೊಳ್ಳಿ. ಓದುತ್ತಿರುವುದು ಒಂದು, ಹೊಸ ಚೀಟಿ ಬೀಳುವುದು ಇನ್ನೊಂದಕ್ಕೆ. ಓದಿ ಮುಗಿದ ಮೇಲೆ ಅದಲುಬದಲು ಮಾಡಿ. ಒಂದೇ ಫ್ರೇಮ್‌ನಲ್ಲಿ ಕೆಲವು ಸುತ್ತು ನಡೆಯಲು ಬಿಡಬಹುದು, ನಾನು 8 ಸುತ್ತಿನ ಮಿತಿ ಇಡುತ್ತೇನೆ. ಮಿತಿ ದಾಟಿದರೆ ಉಳಿದದ್ದು ಮುಂದಿನ ಫ್ರೇಮ್‌ಗೆ, ಜೊತೆಗೆ ಯಾವ ಇವೆಂಟ್ ಯಾವುದನ್ನು ಹುಟ್ಟಿಸಿತು ಅನ್ನುವ ಸರಪಳಿ ಲಾಗ್‌ಗೆ. ಇದಕ್ಕಾಗಿ ಪ್ರತಿ ಚೀಟಿಯಲ್ಲಿ ತಾಯಿ ಇವೆಂಟ್‌ನ ಸಂಖ್ಯೆ ಬರೆಯಿರಿ. ನಾಲ್ಕು ಬೈಟ್ ಖರ್ಚು, ಉಳಿಯುವ ಸಮಯ ಬಹಳ.

ಕೆಲವಕ್ಕೆ ಉತ್ತರ ಆಗಲೇ ಬೇಕು. "ವಿಂಡೋ ಮುಚ್ಚಲಾ" ಅಂದಾಗ ಸ್ಕ್ರಿಪ್ಟ್ ಬೇಡ ಅನ್ನಬಹುದು. ಕ್ಯೂ ಹೇಗೆ ಆಗುತ್ತೆ?

ಅದು ಪ್ರಶ್ನೆ, ಇವೆಂಟ್ ಅಂತ ಕರೆಯಬೇಡಿ. ಪ್ರಶ್ನೆಗೆ ನೇರ ಕರೆ ಇರಲಿ, ಆದರೆ ಆ ಹೊತ್ತಿನಲ್ಲಿ ಸ್ಕ್ರಿಪ್ಟ್ ಓದಬಹುದು, ಲೋಕವನ್ನು ಬದಲಾಯಿಸುವ ಹಾಗಿಲ್ಲ. ಒಂದು ಫ್ಲ್ಯಾಗ್ ಇಟ್ಟು, ಬದಲಾಯಿಸುವ ಫಂಕ್ಷನ್‌ಗಳೆಲ್ಲ ಅದನ್ನು ನೋಡಿ ಎರರ್ ಕೊಡುವ ಹಾಗೆ ಮಾಡಿ. ವಿಂಡೋ ಮುಚ್ಚುವಂಥದ್ದಕ್ಕೆ ಇನ್ನೂ ಸುಲಭದ ದಾರಿ ಇದೆ. ಎಂಜಿನ್ ತಾನಾಗಿ ಮುಚ್ಚದೆ "ಮುಚ್ಚಲು ಕೇಳಿದ್ದಾರೆ" ಅಂತ ಚೀಟಿ ಹಾಕಲಿ, ಮುಚ್ಚಬೇಕಾದರೆ ಸ್ಕ್ರಿಪ್ಟೇ ಹೇಳಲಿ.

ಟೆಕ್ಸ್ಚರ್ (ವಸ್ತುಗಳ ಮೇಲೆ ಹಚ್ಚುವ ಚಿತ್ರ) ಲೋಡ್ ಬೇರೆ ಥ್ರೆಡ್‌ನಲ್ಲಿ ಮಾಡ್ತೀನಿ. ಮುಗಿದಾಗ ಅಲ್ಲಿಂದಲೇ ಸ್ಕ್ರಿಪ್ಟ್ ಕರೆಯಬಹುದಾ?

ಬೇಡವೇ ಬೇಡ. ಥ್ರೆಡ್ ಅಂದರೆ ಅದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಇನ್ನೊಂದು ಕೆಲಸದ ಸಾಲು. ಒಂದು ಲುವಾ ಸ್ಟೇಟನ್ನು (ಓಡುತ್ತಿರುವ ಲುವಾದ ಪೂರ್ತಿ ಸ್ಥಿತಿ) ಒಂದೇ ಹೊತ್ತಿಗೆ ಎರಡು ಥ್ರೆಡ್ ಮುಟ್ಟಿದರೆ ಅದು ಒಳಗೊಳಗೇ ಕೆಡುತ್ತದೆ. ಪೈಥಾನ್‌ನಲ್ಲಿ ಜಿಐಎಲ್ ಲಾಕ್ (ಒಂದು ಹೊತ್ತಿಗೆ ಒಂದೇ ಥ್ರೆಡ್‌ಗೆ ಪೈಥಾನ್ ಓಡಿಸಲು ಬಿಡುವ ಬೀಗ) ಹಿಡಿದು ಕರೆಯಬಹುದು ನಿಜ, ಆದರೆ ಮುಖ್ಯ ಥ್ರೆಡ್ ಅದನ್ನು ಬಿಡುವವರೆಗೆ ನಿಮ್ಮ ಲೋಡರ್ ಕಾಯುತ್ತಾ ನಿಲ್ಲುತ್ತದೆ. ಇಷ್ಟೇ ಅಲ್ಲ, ಸ್ಕ್ರಿಪ್ಟ್ ಅಲ್ಲಿಂದ ಏನಾದರೂ ಬಿಡಿಸಲು ಹೋದರೆ ಚಿತ್ರ ಬಿಡಿಸಲು ಬೇಕಾದ ಓಪನ್‌ಜಿಎಲ್ ಕಾಂಟೆಕ್ಸ್ಟ್ ಆ ಥ್ರೆಡ್‌ನಲ್ಲಿ ಇರುವುದೇ ಇಲ್ಲ. ಒಂದು ಕಾಂಟೆಕ್ಸ್ಟ್ ಒಂದು ಹೊತ್ತಿಗೆ ಒಂದೇ ಥ್ರೆಡ್‌ಗೆ ಸೇರಿರುತ್ತದೆ.

ಚೀಟಿಯ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ. ಲೋಡರ್ ಥ್ರೆಡ್ "ಈ ಹ್ಯಾಂಡಲ್‌ನ ಟೆಕ್ಸ್ಚರ್ ಸಿದ್ಧ" ಅಂತ ಬರೆದು ಹಾಕಿ ಮುಂದಿನ ಫೈಲ್‌ಗೆ ಹೋಗುತ್ತದೆ. ಮುಖ್ಯ ಥ್ರೆಡ್ ತನ್ನ ಹೊತ್ತಿಗೆ ತೆಗೆಯುತ್ತದೆ. ಇಂಥ ಕ್ಯೂಗೆ ಒಂದು ಸಾಮಾನ್ಯ ಮ್ಯೂಟೆಕ್ಸ್ ಲಾಕ್ ಸಾಕು, ಫ್ರೇಮ್‌ಗೆ ಹತ್ತಿಪ್ಪತ್ತು ಚೀಟಿಗೆ ಲಾಕ್ ಇಲ್ಲದ ಕ್ಯೂ ಬರೆಯಲು ವಾರಗಟ್ಟಲೆ ಕೂರುವುದು ವ್ಯರ್ಥ. ಆಡಿಯೊ ಥ್ರೆಡ್ ಮಾತ್ರ ಬೇರೆ ಜಾತಿ. ಅದು ಲಾಕ್‌ಗಾಗಿ ಕಾದರೆ ಶಬ್ದ ತುಂಡಾಗುತ್ತದೆ. ಅದಕ್ಕೆ ಒಬ್ಬರೇ ಬರೆಯುವ, ಒಬ್ಬರೇ ಓದುವ ರಿಂಗ್ ಬಫರ್ (ಲಾಕ್ ಬೇಡದ, ಸುತ್ತಿ ಬರುವ ಪಟ್ಟಿ) ಕೊಡಿ.

ಆಗಾಗ ಒಂದು ಫ್ರೇಮ್ ತಡವರಿಸುತ್ತೆ. ಪ್ರೊಫೈಲರ್‌ನಲ್ಲಿ ಗಾರ್ಬೇಜ್ ಕಲೆಕ್ಟರ್ ಕಾಣುತ್ತೆ

ಪ್ರತಿ ಕರೆಗೂ ಹೊಸ ಟೇಬಲ್ (ಲುವಾದ ಡೇಟಾ ಕಟ್ಟು) ಮಾಡುತ್ತಿದ್ದೀರಾ ನೋಡಿ. 17 ಮೌಸ್ ಚಲನೆ, 40 ಲಿಸನರ್ ಅಂದರೆ ಫ್ರೇಮ್‌ಗೆ 680 ಟೇಬಲ್, ಸೆಕೆಂಡಿಗೆ 40,800. ಎಲ್ಲ ಹುಟ್ಟಿದ ಕೂಡಲೇ ಕಸ. ಎಕ್ಸ್, ವೈ, ಬಟನ್ ಇವನ್ನು ಬರೀ ಅಂಕಿಗಳಾಗಿ ಕಳಿಸಿದರೆ ಏನೂ ಹುಟ್ಟುವುದಿಲ್ಲ. ಟೇಬಲ್ ಬೇಕೇ ಬೇಕು ಅಂದರೆ ಒಂದು ಇವೆಂಟ್‌ಗೆ ಒಂದೇ ಟೇಬಲ್ ಮಾಡಿ ಎಲ್ಲ ಲಿಸನರ್‌ಗೂ ಅದನ್ನೇ ತೋರಿಸಿ. ಉಳಿದ ಕಸಕ್ಕೆ, ಡ್ರಾಯಿಂಗ್ ಮುಗಿದು ಸಮಯ ಮಿಕ್ಕಿದಾಗ ಕಲೆಕ್ಟರನ್ನು ಸ್ವಲ್ಪ ಸ್ವಲ್ಪವೇ ಓಡಿಸಿ. 2020ರ ಲುವಾ 5.4ರಲ್ಲಿ ಕಲೆಕ್ಟರ್‌ಗೆ ಹೊಸ ಕಸವನ್ನೇ ಮೊದಲು ನೋಡುವ ಜನರೇಷನಲ್ ಮೋಡ್ ಇದೆ, ಬೇಗ ಹುಟ್ಟಿ ಬೇಗ ಸಾಯುವಂಥವಕ್ಕೆ ಅದನ್ನೂ ಅಳೆದು ನೋಡಿ.

ಫಿಸಿಕ್ಸ್ ಹೆಜ್ಜೆಯಲ್ಲಿ ಜಂಪ್ ಕೀ ನೋಡ್ತೀನಿ. ಕೆಲವೊಮ್ಮೆ ಜಂಪ್ ಆಗಲ್ಲ, ಕೆಲವೊಮ್ಮೆ ಎರಡು ಸಲ ಆಗುತ್ತೆ

ಫ್ರೇಮ್ ಬೇರೆ, ಫಿಸಿಕ್ಸ್ ಲೆಕ್ಕ ಒಂದು ಸಲ ನಡೆಯುವ ಹೆಜ್ಜೆ ಬೇರೆ. ಪರದೆ 144 ಹರ್ಟ್ಜ್, ಫಿಸಿಕ್ಸ್ 60 ಅಂದರೆ ಎಷ್ಟೋ ಫ್ರೇಮ್‌ಗಳಲ್ಲಿ ಒಂದು ಹೆಜ್ಜೆಯೂ ನಡೆಯುವುದಿಲ್ಲ. ಆ ಫ್ರೇಮ್‌ನಲ್ಲಿ ಒತ್ತಿದ್ದು ಫ್ರೇಮ್ ಕೊನೆಗೆ ಅಳಿಸಿಹೋಗುತ್ತದೆ. ಫ್ರೇಮ್ ನಿಧಾನವಾದಾಗ ಒಂದರಲ್ಲೇ ಎರಡು ಹೆಜ್ಜೆ, ಎರಡೂ ಒಂದೇ ಒತ್ತನ್ನು ನೋಡುತ್ತವೆ. ಯೂನಿಟಿ ಗೇಮ್ ಎಂಜಿನ್‌ನಲ್ಲಿ ಈ ಹೆಜ್ಜೆ, ಅಂದರೆ ಫಿಕ್ಸೆಡ್ ಅಪ್‌ಡೇಟ್, ಮೊದಲೇ 0.02 ಸೆಕೆಂಡ್‌ಗೆ ಇರುತ್ತದೆ, ಅಲ್ಲೂ ಕೀ ನೋಡಲು ಹೋದವರಿಗೆ ಇದೇ ಆಗುತ್ತದೆ. ಹೆಜ್ಜೆಗೆ ಸೇರಬೇಕಾದ ಚೀಟಿಗಳನ್ನು ಬೇರೆ ಡಬ್ಬಿಯಲ್ಲಿಡಿ. ಮುಂದಿನ ಹೆಜ್ಜೆ ಯಾವ ಫ್ರೇಮ್‌ನಲ್ಲಿ ಬಂದರೂ ಅದು ತೆಗೆದುಕೊಂಡಾಗ ಮಾತ್ರ ಡಬ್ಬಿ ಖಾಲಿಯಾಗಲಿ.

"ಬಾಗಿಲು ತೆರೆಯುವವರೆಗೆ ಕಾಯಿ, ಆಮೇಲೆ ಮಾತಾಡು" ಅಂತ ಒಂದರ ಕೆಳಗೆ ಒಂದು ಬರೆಯೋ ಹಾಗೆ ಮಾಡಬಹುದಾ?

ಮಾಡಬಹುದು, ಸ್ಕ್ರಿಪ್ಟ್ ಬರೆಯುವವರಿಗೆ ನೀವು ಕೊಡಬಹುದಾದ ದೊಡ್ಡ ಉಡುಗೊರೆ ಇದು. ಕಥೆಯ ದೃಶ್ಯವನ್ನು ಹತ್ತು ಕಾಲ್‌ಬ್ಯಾಕ್‌ಗಳಾಗಿ ಕತ್ತರಿಸಿದರೆ ಓದಲು ಆಗುವುದಿಲ್ಲ. ಮಧ್ಯದಲ್ಲಿ ನಿಂತು ಆಮೇಲೆ ಅಲ್ಲಿಂದಲೇ ಮುಂದುವರಿಯುವ ಫಂಕ್ಷನ್, ಅಂದರೆ ಕೋರೂಟೀನ್ ಬಳಸಿ. "ಕಾಯಿ" ಎಂದಾಗ ಕೋರೂಟೀನ್ ಯೀಲ್ಡ್ ಆಗುತ್ತದೆ (ಅಲ್ಲೇ ನಿಲ್ಲುತ್ತದೆ), ನೀವು ಅದನ್ನು ಆ ಇವೆಂಟ್ ಹೆಸರಿನ ಕೆಳಗೆ ಬರೆದಿಡುತ್ತೀರಿ, ಚೀಟಿ ಬಂದಾಗ ರೆಸ್ಯೂಮ್ ಮಾಡುತ್ತೀರಿ. ಮಧ್ಯದಲ್ಲಿ ಸಿ ಫಂಕ್ಷನ್ ಇದ್ದರೆ ಲುವಾ "ಸಿ-ಕಾಲ್ ಬೌಂಡರಿ ದಾಟಿ ಯೀಲ್ಡ್ ಆಗುವುದಿಲ್ಲ" ಎಂದು ಎರರ್ ಕೊಡುತ್ತದೆ, ಹಾಗಾಗಿ "ಕಾಯಿ" ಫಂಕ್ಷನ್ನನ್ನು ಲುವಾದಲ್ಲೇ ಬರೆಯುವುದು ಸುಲಭ. ಕಾಯುತ್ತಿರುವ ಕೋರೂಟೀನ್‌ಗೂ ಯಜಮಾನ ಬೇಕು. ಪಾತ್ರ ಸತ್ತ ಮೇಲೆ ಬಾಗಿಲು ತೆರೆದರೆ ಸತ್ತವರು ಮಾತಾಡಬಾರದಲ್ಲ.

ಗೇಮ್ ಓಡ್ತಿರುವಾಗಲೇ ಸ್ಕ್ರಿಪ್ಟ್ ತಿದ್ದಿ ರೀಲೋಡ್ ಮಾಡಿದೆ. ಹಳೇ ಕೋಡೇ ಓಡ್ತಿದೆ

ರಿಜಿಸ್ಟ್ರಿಯಲ್ಲಿ ಕೂತಿರುವುದು ಹಳೆಯ ಫಂಕ್ಷನ್. ಪ್ರತಿ ಲಿಸನರ್ ಯಾವ ಫೈಲ್‌ನಿಂದ ಬಂತು ಅಂತ ಗುರುತಿಡಿ. ರೀಲೋಡ್‌ಗೆ ಮುಂಚೆ ಆ ಫೈಲ್‌ನ ಲಿಸನರ್‌ಗಳನ್ನೆಲ್ಲ ತೆಗೆದು, ಫೈಲ್ ಮತ್ತೆ ಓಡಿದಾಗ ಹೊಸದಾಗಿ ಸೇರಲಿ. ಇದನ್ನೂ ಕ್ಯೂ ಖಾಲಿಯಾದ ಹೊತ್ತಿನಲ್ಲೇ ಮಾಡಿ.

ಸ್ಕ್ರಿಪ್ಟ್‌ನಲ್ಲಿ ಯಾರೋ ಕೊನೆಯಿಲ್ಲದ ಲೂಪ್ ಬರೆದರೆ?

ಲುವಾದ ಕೌಂಟ್ ಹುಕ್ (ಇಷ್ಟು ಸೂಚನೆ ಓಡಿದ ಮೇಲೆ ನಿಮ್ಮ ಫಂಕ್ಷನ್ ಕರೆಯುವ ಸೌಲಭ್ಯ) ಹಾಕಿ, 10,000 ಸೂಚನೆಗೊಮ್ಮೆ ಗಡಿಯಾರ ನೋಡಿ, ಮಿತಿ ದಾಟಿದ್ದರೆ ಎರರ್ ಎಬ್ಬಿಸಿ. ಲುವಾ ಕೋಡನ್ನು ಓಡುವಾಗಲೇ ಯಂತ್ರಭಾಷೆಗೆ ಬದಲಿಸುವ ಲುವಾಜಿಟ್‌ನಲ್ಲಿ ಕಂಪೈಲ್ ಆದ ಕೋಡ್ ಸಾಮಾನ್ಯವಾಗಿ ಈ ಹುಕ್ಕನ್ನು ನೋಡುವುದಿಲ್ಲ, ಅದು ನೆನಪಿರಲಿ.

"ಒಂದ್ಸಲ ಹೀಗಾಯ್ತು, ಮತ್ತೆ ಆಗ್ತಿಲ್ಲ" ಅನ್ನೋ ಬಗ್‌ಗಳನ್ನು ಹೇಗೆ ಹಿಡಿಯೋದು?

ಹೊರಗಿನಿಂದ ಬರುವುದೆಲ್ಲ ಚೀಟಿಯಾಗಿ ಒಂದೇ ಡಬ್ಬಿಗೆ ಬೀಳುತ್ತಿದೆ ಅಂದರೆ, ಆ ಡಬ್ಬಿಯನ್ನು ಹೆಜ್ಜೆಯ ಸಂಖ್ಯೆ ಸಮೇತ ಫೈಲ್‌ಗೆ ಬರೆದರೆ ಆಟದ ಪೂರ್ತಿ ದಾಖಲೆ ಸಿಕ್ಕಿತು. ಮರುದಿನ ಕೀಬೋರ್ಡ್ ಬದಲು ಫೈಲ್‌ನಿಂದ ತುಂಬಿಸಿ. ರ್‍ಯಾಂಡಮ್ ಸೀಡ್ (ಯಾದೃಚ್ಛಿಕ ಸಂಖ್ಯೆಗಳು ಶುರುವಾಗುವ ಅಂಕಿ) ಮತ್ತು ಹೆಜ್ಜೆಯ ಉದ್ದ ಅದೇ ಇರಬೇಕು, ಲೋಡರ್ ಥ್ರೆಡ್ ಚೀಟಿಗಳೂ ದಾಖಲೆಯಲ್ಲಿರಬೇಕು, ಸ್ಕ್ರಿಪ್ಟ್ ನೇರವಾಗಿ ಗಡಿಯಾರ ನೋಡಬಾರದು. ಲುವಾದಲ್ಲಿ ಟೇಬಲನ್ನು "ಪೇರ್ಸ್" ಮೂಲಕ ಸುತ್ತುವ ಕ್ರಮಕ್ಕೂ ಖಾತ್ರಿ ಇಲ್ಲ, ಕ್ರಮ ಮುಖ್ಯವಾದ ಕಡೆ ಸಾಲು ಪಟ್ಟಿಯನ್ನೇ ಬಳಸಿ.

ನಾನು ಇದನ್ನು ಸೇರಿಸಿದ ವಾರವೇ, ತಿಂಗಳುಗಳಿಂದ ಕಾಡುತ್ತಿದ್ದ ಒಂದು ಬಗ್ ಸಿಕ್ಕಿತು. ಮೆನು ಮುಚ್ಚಿದ ಹೆಜ್ಜೆಯಲ್ಲೇ ಕ್ಲಿಕ್ ಬಿಟ್ಟಿದ್ದು, ಅದು ಮೆನುವಿಗೆ ಹೋಗದೆ ಹಿಂದಿನ ಬಟನ್‌ಗೆ ಹೋಗುತ್ತಿತ್ತು. ಫೈಲ್‌ನಲ್ಲಿ ಎರಡು ಚೀಟಿ ಪಕ್ಕ ಪಕ್ಕದಲ್ಲಿ ಕೂತಿದ್ದವು, ಓದಿದ ತಕ್ಷಣ ಗೊತ್ತಾಯಿತು. ಅದೇ ಫೈಲನ್ನು ಈಗ ಟೆಸ್ಟ್ ಆಗಿ ಇಟ್ಟಿದ್ದೇನೆ, ವಿಂಡೋ ತೆರೆಯದೆ ಓಡುತ್ತದೆ.